ಮದುವೆಗೆ ಮುಂಚಿನ ಪಿ.ಎಫ್. ನಾಮನಿರ್ದೇಶನ ಈಗಲೂ ನಡೆಯುತ್ತದೆಯೇ?

ಪ್ರಶ್ನೆ (ಸಕಲೇಶಪುರ): ಕಾಫಿ ತೋಟವೊಂದರಲ್ಲಿ ರೈಟರ್ (ಲೆಕ್ಕ ಬರೆಯುವವ) ಆಗಿ ಸೇರಿದಾಗ ನನ್ನ ಭವಿಷ್ಯ ನಿಧಿಗೆ (ಪಿ.ಎಫ್.) ನಾಮಿನಿಯಾಗಿ, ಅಂದರೆ ನಾನು ತೀರಿಕೊಂಡರೆ ಹಣ ಪಡೆಯುವವನಾಗಿ, ತಮ್ಮನ ಹೆಸರನ್ನು ಬರೆಸಿದ್ದೆ, ಆಮೇಲೆ ಮದುವೆಯಾಗಿ, ಈಗ ಎರಡು ವರ್ಷದ ಮಗಳಿದ್ದಾಳೆ. ಆ ಹಳೆಯ ಫಾರಂ ಊರ್ಜಿತವೇ ಎಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ಹಾಸನ): ಇಲ್ಲ ಸರ್. 1952ರ ನೌಕರರ ಭವಿಷ್ಯ ನಿಧಿ ಯೋಜನೆಯ 61ನೆಯ ಕಂಡಿಕೆಯ ಪ್ರಕಾರ, ಕುಟುಂಬವಿಲ್ಲದಾಗ ಮಾಡಿದ ನಾಮನಿರ್ದೇಶನ ಕುಟುಂಬವಾದೊಡನೆ ಅಸಿಂಧುವಾಗುತ್ತದೆ. ಅಲ್ಲಿನ ‘ಕುಟುಂಬ’ದಲ್ಲಿ ಹೆಂಡತಿ, ಮಕ್ಕಳು, ಅವಲಂಬಿತ ತಂದೆತಾಯಿ ಸೇರುತ್ತಾರೆಯೇ ಹೊರತು ತಮ್ಮ ಸೇರುವುದಿಲ್ಲ. ಭವಿಷ್ಯ ನಿಧಿಯ ಸದಸ್ಯರ ಪೋರ್ಟಲ್‌ನಲ್ಲಿ ಇ-ನಾಮಿನೇಷನ್ ತೆರೆದು, ಹೆಂಡತಿ ಮಗಳಿಬ್ಬರ ಪಾಲು ಸೇರಿ ಶೇ. 100 ಆಗುವಂತೆ ತುಂಬಿ, ಆಧಾರ್ ಒಟಿಪಿಯಿಂದ ಇ-ಸಹಿ ಮಾಡಿ. ಇ-ಸಹಿ ಮಾಡದೆ ಬರೀ ವಿವರ ಉಳಿಸಿ ಎದ್ದುಬಂದರೆ ಕೆಲಸ ಮುಗಿಯುವುದಿಲ್ಲ. ನಾನೂ ಹಾಗೆಯೇ ಮೋಸ ಹೋಗಿದ್ದೆ.

ಉತ್ತರ (ಬೇಲೂರು): ಮಗು ಅಪ್ರಾಪ್ತೆಯಾದ್ದರಿಂದ ಪೋಷಕರ ಹೆಸರನ್ನೂ ಕೊಡಿ. ಗ್ರಾಚ್ಯುಟಿಯ (ಕೆಲಸ ಬಿಡುವಾಗ ಮಾಲೀಕರು ಕೊಡುವ ಇಡಿಗಂಟಿನ) ನಾಮನಿರ್ದೇಶನ ಬೇರೆಯೇ. ಅದನ್ನು ತೋಟದ ಆಫೀಸಿನಲ್ಲೇ ಬದಲಿಸಬೇಕು.

ಪ್ರಶ್ನೆ ಕೇಳಿದವರು: ಇ-ಸಹಿ ಆಯಿತು. ಗ್ರಾಚ್ಯುಟಿ ಫಾರಂ ಸೋಮವಾರ ಕೊಡುತ್ತೇನೆ.