ಮಾತ್ರೆ ಎರಡು ಸಲವೂ ಫಲ ಕೊಡಲಿಲ್ಲ, ಒಟ್ಟಿಗೆ ಎರಡು ನುಂಗಬಹುದೇ?

ಮೂಡಿಗೆರೆಯ ಬೆಳೆಗಾರ:
ನನಗೆ 52 ವರ್ಷ. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ನಿಮಿರುವಿಕೆಯ ತೊಂದರೆಯನ್ನು ಎರಡು ವರ್ಷ ಯಾರಿಗೂ ಹೇಳದೆ ನುಂಗಿಕೊಂಡು, ಕಳೆದ ತಿಂಗಳು ಹಾಸನದಲ್ಲಿ ವೈದ್ಯರೊಬ್ಬರನ್ನು ಕಂಡೆ. ಸಿಲ್ಡೆನಾಫಿಲ್ 50 ಮಿಲಿಗ್ರಾಂ ಬರೆದುಕೊಟ್ಟರು. ಮೊದಲ ಸಲ ನೆಂಟರ ಮನೆಯಲ್ಲಿ ಕಡುಬು, ಹಂದಿ ಸಾರು ಉಂಡು ಬಂದ ರಾತ್ರಿ ತೆಗೆದುಕೊಂಡೆ. ಎರಡನೆಯ ಸಲ ಕೊಯ್ಲಿನವರ ಕೂಲಿ ಲೆಕ್ಕ ಮುಗಿಸಿ, ಮಾತ್ರೆ ನುಂಗಿ, ಹಾಗೆಯೇ ಕಾಯುತ್ತಾ ಮಲಗಿದೆ. ಏನೂ ಆಗಲಿಲ್ಲ. ಎರಡು ಒಟ್ಟಿಗೆ ನುಂಗಿದರೆ ಹೇಗೆ?

ಸಕಲೇಶಪುರದಿಂದ:
ಧೈರ್ಯವಾಗಿ ನುಂಗಿ. ನಾನು ನಾಲ್ಕು ವರ್ಷದಿಂದ ಚೀಟಿಯಿಲ್ಲದೆ 100 ಮಿಲಿಗ್ರಾಂನದನ್ನೇ ತರುತ್ತಿದ್ದೇನೆ. ತಲೆ ಸ್ವಲ್ಪ ನೋಯುತ್ತದೆ, ಮೂಗು ಕಟ್ಟುತ್ತದೆ, ಅಷ್ಟೇ. ನಮ್ಮಂಥ ಊರಿನಲ್ಲಿ ವೈದ್ಯರ ಬಾಗಿಲಲ್ಲಿ ಕುಳಿತರೆ ಪಕ್ಕದಲ್ಲಿ ಕುಳಿತವರು ನೆಂಟರೇ ಆಗಿರುತ್ತಾರೆ. ಅಲ್ಲಿ ಇದನ್ನು ಹೇಳಿಕೊಳ್ಳುವುದು ಹೇಗೆ?

ಬೇಲೂರಿನ ಔಷಧಿ ಅಂಗಡಿಯವ:
ಬೆಳೆಗಾರರೇ, ನೀವಾಗಿಯೇ ಎರಡು ನುಂಗಬೇಡಿ. ಜಿಡ್ಡಿನ ಊಟದ ಮೇಲೆ ಸಿಲ್ಡೆನಾಫಿಲ್ ರಕ್ತಕ್ಕೆ ಸೇರುವುದು ತಡವಾಗುತ್ತದೆ. ಹಂದಿ ಸಾರಿನ ರಾತ್ರಿ ಸೋತದ್ದು ಅದಕ್ಕೇ ಇರಬಹುದು. ಇನ್ನು ಮಾತ್ರೆ ನುಂಗಿ ಸುಮ್ಮನೆ ಮಲಗಿದರೆ ಏನೂ ಆಗುವುದಿಲ್ಲ. ಮನಸ್ಸಿನಲ್ಲಿ ಬಯಕೆ, ಮೈಗೆ ಸ್ಪರ್ಶ ಎರಡೂ ಬೇಕು. ಮಾತ್ರೆ ಆಗ ರಕ್ತದ ಹರಿವಿಗೆ ನೆರವಾಗುತ್ತದೆ. ಹಗುರ ಊಟ ಮಾಡಿ, ಸುಮಾರು ಒಂದು ಗಂಟೆ ಮೊದಲು ತೆಗೆದುಕೊಳ್ಳಿ. 24 ಗಂಟೆಯಲ್ಲಿ ಒಂದೇ ಸಲ. ಕುಡಿತ ಬೇಡ. ಎರಡು ಸಲಕ್ಕೇ ಕೈಬಿಡಬೇಡಿ, ಹೀಗೆ ಹಲವು ಸಲ ನೋಡಿಯೂ ಆಗದಿದ್ದರೆ ಅದೇ ವೈದ್ಯರ ಬಳಿ ಹೋಗಿ. ಅವರು ಪ್ರಮಾಣ ಏರಿಸಬಹುದು, ಅಥವಾ ಟಡಾಲಾಫಿಲ್ ಬರೆಯಬಹುದು. ಅದರ ಪರಿಣಾಮ 36 ಗಂಟೆಯವರೆಗೂ ಇರುತ್ತದೆ, ಊಟದ ತಕರಾರೂ ಇಲ್ಲ.

ಸಕಲೇಶಪುರದವರೇ, ನಿಮಗೆ ಚೀಟಿಯಿಲ್ಲದೆ ಕೊಡುವವನು ನನ್ನ ವೃತ್ತಿಯವನೆಂಬುದು ನನಗೆ ನಾಚಿಕೆಯ ವಿಷಯ.

ಅರಸೀಕೆರೆಯ ನಿವೃತ್ತ ಮೇಷ್ಟ್ರು:
ಐವತ್ತು ದಾಟಿದ ಮೇಲೆ ಇದೆಲ್ಲ ಏಕೆ? ಬೇಕೇಬೇಕೆಂದರೆ ನಾಟಿ ಔಷಧಿಯ ಪುಡಿ ಸಿಗುತ್ತದೆ, ಅದರಲ್ಲಿ ರಾಸಾಯನಿಕವಾದರೂ ಇರುವುದಿಲ್ಲ.

ಹಾಸನದ ನರ್ಸ್:
ಮೇಷ್ಟ್ರೇ, ಗಿಡಮೂಲಿಕೆ ಎಂದು ಮಾರುವ ಇಂಥ ಪುಡಿಗಳಲ್ಲಿ ಇದೇ ಸಿಲ್ಡೆನಾಫಿಲ್ ಬೆರೆಸಿರುವುದು ಹಲವು ದೇಶಗಳ ತಪಾಸಣೆಯಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ಎಷ್ಟು ಬೆರೆಸಿದ್ದಾರೆ ಎಂಬುದು ನುಂಗುವವನಿಗೆ ಗೊತ್ತಿರುವುದಿಲ್ಲ.

ನನ್ನ ಸ್ವಂತ ಅಣ್ಣನ ಕಥೆ ಹೇಳುತ್ತೇನೆ. ಒಂದು ರಾತ್ರಿ ಎದೆನೋವು ಬಂತು. ಮನೆಯಲ್ಲಿ ಅಪ್ಪನಿಗೆಂದು ತಂದಿಟ್ಟಿದ್ದ ಸಾರ್ಬಿಟ್ರೇಟ್ ಎಂಬ ಎದೆನೋವಿನ ಮಾತ್ರೆಯನ್ನು (ಇದು ನೈಟ್ರೇಟ್ ಜಾತಿಯ ಔಷಧಿ) ಅತ್ತಿಗೆ ಅವನ ನಾಲಿಗೆಯ ಕೆಳಗೆ ಇಟ್ಟರು. ಸಂಜೆಯೇ ಅವನು ಸಿಲ್ಡೆನಾಫಿಲ್ ನುಂಗಿದ್ದು ಅವರಿಗೆ ಗೊತ್ತಿರಲಿಲ್ಲ. ಎರಡೂ ಸೇರಿದರೆ ರಕ್ತದೊತ್ತಡ ಪಾತಾಳಕ್ಕೆ ಇಳಿಯುತ್ತದೆ. ಅಣ್ಣ ಅಲ್ಲಿಯೇ ಕುಸಿದ. ಬದುಕಿದ್ದಾನೆ, ಆದರೆ ಅತ್ತಿಗೆ ಇಂದಿಗೂ ತನ್ನ ಕೈಯಿಂದಲೇ ಹೀಗಾಯಿತೆಂದು ಅಳುತ್ತಾರೆ. ಸಿಲ್ಡೆನಾಫಿಲ್ ನುಂಗಿದ 24 ಗಂಟೆ, ಟಡಾಲಾಫಿಲ್ ಆದರೆ 48 ಗಂಟೆ ನೈಟ್ರೇಟ್ ಕೊಡಬಾರದು. ನೈಟ್ರೇಟ್ ನಿತ್ಯ ಸೇವಿಸುವವರಿಗಂತೂ ಈ ಮಾತ್ರೆಗಳೇ ಸಲ್ಲವು.

ಸಕಲೇಶಪುರದಿಂದ:
ನಿಮ್ಮ ಅಣ್ಣನ ವಿಷಯ ಓದಿ ಸಂಕಟವಾಯಿತು. ಆದರೆ ನನಗೆ ಹೃದಯದ ತೊಂದರೆಯಿಲ್ಲವಲ್ಲ.

ಹಾಸನದ ನರ್ಸ್:
ಪರೀಕ್ಷೆ ಮಾಡಿಸಿದ್ದೀರಾ? ಶಿಶ್ನದ ರಕ್ತನಾಳಗಳು ಹೃದಯದ ರಕ್ತನಾಳಗಳಿಗಿಂತ ಸಣ್ಣವು. ಕೊಬ್ಬು ಕಟ್ಟುವುದು ಅನೇಕರಲ್ಲಿ ಮೊದಲು ಅಲ್ಲಿ ತಿಳಿಯುತ್ತದೆ, ಎದೆನೋವು ಆಮೇಲೆ ಬರುತ್ತದೆ. ನಾಲ್ಕು ವರ್ಷದಿಂದ ನಿಮ್ಮ ಮೈ ಏನು ಹೇಳುತ್ತಿದೆಯೋ, ಅದನ್ನು ಯಾರೂ ಕೇಳಿಸಿಕೊಂಡಿಲ್ಲ.

ಬೇಲೂರಿನ ಔಷಧಿ ಅಂಗಡಿಯವ:
ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ಸೇವಿಸುವವರೂ ಹೇಳಲೇಬೇಕು, ಅದರೊಂದಿಗೂ ಒತ್ತಡ ಇಳಿಯುತ್ತದೆ. ನಿಮಿರುವಿಕೆ ನಾಲ್ಕು ಗಂಟೆ ಕಳೆದರೂ ಇಳಿಯದಿದ್ದರೆ, ಇಲ್ಲವೇ ದಿಢೀರನೆ ಕಣ್ಣು ಮಂಜಾದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಿ.

ಚಿಕ್ಕಮಗಳೂರಿನ ಗೃಹಿಣಿ:
ಬೆಳೆಗಾರ ಅಣ್ಣನವರೇ, ಅತ್ತಿಗೆಗೆ ಹೇಳಿದ್ದೀರಾ? ನನ್ನ ಯಜಮಾನರು ಬಚ್ಚಿಟ್ಟಿದ್ದರು. ಮಾತ್ರೆ ಸಿಕ್ಕ ದಿನ ನನಗೆ ಬೇರೆಯದೇ ಅನುಮಾನ ಬಂದು ತಿಂಗಳುಗಟ್ಟಲೆ ಮಾತು ಬಿಟ್ಟಿದ್ದೆ. ಮೊದಲೇ ಹೇಳಿದ್ದರೆ ಆಸ್ಪತ್ರೆಗೆ ನಾನೇ ಜೊತೆಗೆ ಹೋಗುತ್ತಿದ್ದೆ.

ಮೂಡಿಗೆರೆಯ ಬೆಳೆಗಾರ:
ನಿನ್ನೆ ರಾತ್ರಿ ಹೇಳಿದೆ. ಅವಳು ಏನೂ ಅನ್ನಲಿಲ್ಲ, ಬಹಳ ಹೊತ್ತು ಕೈ ಹಿಡಿದು ಕುಳಿತಿದ್ದಳು. ಬೆಳಿಗ್ಗೆ ನೋಡಿದರೆ ಆ ಮಾತ್ರೆಯ ಪಟ್ಟಿಯನ್ನು ಸಕ್ಕರೆ ಮಾತ್ರೆಯ ಡಬ್ಬಿಯಲ್ಲಿಯೇ ಇಟ್ಟಿದ್ದಳು. ಸೋಮವಾರ ಇಬ್ಬರೂ ಹಾಸನಕ್ಕೆ ಹೋಗುತ್ತಿದ್ದೇವೆ.

ಸಕಲೇಶಪುರದಿಂದ:
ಚೀಟಿಯ ವಿಷಯದಲ್ಲಿ ಇನ್ನೂ ನನ್ನ ಮನಸ್ಸು ಒಪ್ಪಿಲ್ಲ. ಆದರೆ ಇಸಿಜಿ ಮಾಡಿಸುತ್ತೇನೆ. ನರ್ಸಮ್ಮನವರೇ, ಅದಕ್ಕೆ ಖಾಲಿ ಹೊಟ್ಟೆಯಲ್ಲಿ ಬರಬೇಕೇ?

ಹಾಸನದ ನರ್ಸ್:
ಇಸಿಜಿಗೆ ಬೇಡ. ಸಕ್ಕರೆ, ಕೊಬ್ಬಿನ ಪರೀಕ್ಷೆಯನ್ನೂ ಅಂದೇ ಮಾಡಿಸುವುದಾದರೆ ಬೆಳಿಗ್ಗೆ ತಿಂಡಿ ತಿನ್ನದೆ ಬನ್ನಿ. ಮಾತ್ರೆಯ ಹೆಸರನ್ನೂ ಹೇಳಿ.