ಗ್ರಂಥಾಲಯದಲ್ಲಿ ತಿಂಗಳಿಗೊಂದು ಕಾರ್ಯಕ್ರಮ: ನಡೆಸಿದವರು ಅನುಭವ ಹಂಚಿಕೊಳ್ಳಿ

ಸಂಜೆಯ ಓದುಗ:
ನಮ್ಮದು ತಾಲ್ಲೂಕು ಕೇಂದ್ರ. ಶಾಖಾ ಗ್ರಂಥಾಲಯದ ಮಹಡಿಯಲ್ಲಿ ಅರವತ್ತು ಜನ ಕೂರಬಹುದಾದ ಕೋಣೆಯಿದೆ. ನವೆಂಬರ್ 14ರಿಂದ 20ರವರೆಗಿನ ಗ್ರಂಥಾಲಯ ಸಪ್ತಾಹದಲ್ಲಿ ಆರಂಭಿಸಿ, ಮುಂದೆ ತಿಂಗಳಿಗೊಂದು ಕಾರ್ಯಕ್ರಮ ನಡೆಸುವ ಆಸೆ. ಓದುಗರೇ ಸೇರಿ ತಿಂಗಳಿಗೆ 4,000 ರೂಪಾಯಿ ಕೂಡಿಸಬಲ್ಲೆವು. ಉಪನ್ಯಾಸವೋ, ಕಾವ್ಯವನ್ನು ರಾಗವಾಗಿ ಓದಿ ಅರ್ಥ ಹೇಳುವ ಗಮಕವೋ? ಭಾನುವಾರವೋ, ಬೇರೆ ದಿನವೋ? ಅತಿಥಿಗಳಿಗೆ ಏನು ಕೊಡುವುದು?

ಹಳೇಪೇಟೆ ಮೇಷ್ಟ್ರು:
4,000 ಎಂಬುದನ್ನು ಓದಿ ನಗು ಬಂತು, ಬೇಸರಿಸಬೇಡಿ. ನಾನು ದತ್ತಿ ಉಪನ್ಯಾಸ ನಡೆಸುತ್ತಾ ಬಂದವನು. ತಂದೆಯವರ ಹೆಸರಿನಲ್ಲಿ 25,000 ರೂಪಾಯಿ ಠೇವಣಿ ಇಟ್ಟಾಗ ಬಡ್ಡಿ ಶೇಕಡಾ 10ಕ್ಕಿಂತ ಹೆಚ್ಚಿತ್ತು. ಅತಿಥಿಯ ಬಸ್ ಖರ್ಚು, ಗೌರವಧನ, ಸಭಿಕರಿಗೆ ಉಪ್ಪಿಟ್ಟು ಕಾಫಿ ಎಲ್ಲ ಕಳೆದು ಹಣ ಮಿಗುತ್ತಿತ್ತು. ಈಗ ವರ್ಷಕ್ಕೆ 1,600 ಬರುತ್ತದೆ. ವಿದ್ವಾಂಸರೋ ಬಸ್ ಹತ್ತುವುದಿಲ್ಲ. ಜಿಲ್ಲಾ ಕೇಂದ್ರದಿಂದ ಹೋಗಿಬರಲು 140 ಕಿಲೋಮೀಟರ್, ಕಾರಿಗೆ ಕಿಲೋಮೀಟರಿಗೆ 14 ರೂಪಾಯಿ, ಅಲ್ಲಿಗೆ 1,960. ಚಾಲಕನ ಭತ್ಯೆ 400. ಟೋಲು, ಚಾಲಕನ ಊಟ ಬೇರೆ. ಅತಿಥಿ ಬಾಯಿ ತೆರೆಯುವ ಮೊದಲೇ ಒಂದೂವರೆ ವರ್ಷದ ಬಡ್ಡಿ ಮುಗಿದಿರುತ್ತದೆ.

ಬ್ಯಾಂಕಿನ ಕಥೆ ಇನ್ನೊಂದು. ಖಾತೆ ಮೂವರ ಹೆಸರಿನಲ್ಲಿದೆ. ಒಬ್ಬರು ತೀರಿಕೊಂಡರು, ಇನ್ನೊಬ್ಬರು ಮಗನ ಜೊತೆ ಅಮೆರಿಕದಲ್ಲಿದ್ದಾರೆ. ಅವರ ಸಹಿ ಬೇಕು, ತೀರಿಕೊಂಡವರ ಮರಣ ಪತ್ರ ಬೇಕು, ಸಮಿತಿಯ ನಿರ್ಣಯದ ಪ್ರತಿ ಬೇಕು. ಎಲ್ಲ ಜೋಡಿಸುವಷ್ಟರಲ್ಲಿ ಮ್ಯಾನೇಜರ್ ವರ್ಗವಾದರು. ಹೊಸಬರು ಮೊದಲಿನಿಂದ ಶುರು ಮಾಡಿ ಎಂದರು. ಹಣ ಇದೆ, ಮುಟ್ಟಲಾಗದು. ಪಿಂಚಣಿಯಿಂದ ನಡೆಸುತ್ತಿದ್ದೇನೆ. ಇಪ್ಪತ್ತೇ ಜನ ಬಂದರೂ ಒಂದು ವರ್ಷವೂ ತಪ್ಪಿಸಿಲ್ಲ.

ಪಿಡಿಒ ಆಕಾಂಕ್ಷಿ:
ನೀವೆಲ್ಲ ಸಭೆ ಮಾಡುವ ಜಾಗ ನಮಗೆ ಓದುವ ಜಾಗ. ನಮ್ಮ ಮನೆಯಲ್ಲಿ ಎರಡು ಕೋಣೆ, ಆರು ಜನ. ಬಾಗಿಲು ತೆರೆಯುವ ಮೊದಲೇ ಬಂದು ನಿಂತರೆ ಮಾತ್ರ ಫ್ಯಾನ್ ಕೆಳಗಿನ ಕುರ್ಚಿ ಸಿಗುತ್ತದೆ. ಕಾರ್ಯಕ್ರಮ ಇದ್ದ ದಿನ ಮಧ್ಯಾಹ್ನವೇ ಮೇಜುಗಳನ್ನು ಗೋಡೆಗೆ ಒತ್ತಿ ನಮ್ಮನ್ನು ವರಾಂಡಕ್ಕೆ ಕಳಿಸುತ್ತಾರೆ. ಮೂರು ಗಂಟೆಗೆ ಮೈಕ್ ಪರೀಕ್ಷೆ ಶುರು, ಅತಿಥಿಗಳು ಬರುವುದು ಐದೂವರೆಗೆ. ಕಳೆದ ಸಲದ ವಿಷಯ ಏನು ಗೊತ್ತೇ? ‘ಯುವಜನರಲ್ಲಿ ಕ್ಷೀಣಿಸುತ್ತಿರುವ ಓದಿನ ಹವ್ಯಾಸ’. ಒಳಗೆ ಓದುತ್ತಿದ್ದ ಯುವಜನರೆಲ್ಲ ಹೊರಗೆ ಮೆಟ್ಟಿಲ ಮೇಲೆ ಕೂತು ಅದನ್ನು ಕೇಳಿಸಿಕೊಂಡೆವು. ಖಾಸಗಿ ವಾಚನ ಕೊಠಡಿಗೆ ತಿಂಗಳಿಗೆ 800 ರೂಪಾಯಿ, ಮುಂಗಡ 500, ಮೊಬೈಲ್ ಚಾರ್ಜ್ ಮಾಡಿಕೊಂಡರೆ ಮತ್ತೆ 50. ನಮ್ಮನ್ನು ಯಾರಾದರೂ ಒಂದು ಮಾತು ಕೇಳಿದ್ದೀರಾ?

ಹಳೇಪೇಟೆ ಮೇಷ್ಟ್ರು:
ಗೈಡು ಉರುಹೊಡೆಯುವುದನ್ನು ಓದು ಎನ್ನುವ ಕಾಲ ಬಂತು. ತಿಂಗಳಿಗೆ ಎರಡು ಗಂಟೆ ಪಂಪನನ್ನು ಕೇಳಿದರೆ ನಿಮ್ಮ ಪರೀಕ್ಷೆ ಓಡಿಹೋಗುವುದಿಲ್ಲ.

ಪಿಡಿಒ ಆಕಾಂಕ್ಷಿ:
ನಿಮಗೆ ಪಿಂಚಣಿ ಇದೆ, ಸರ್. ಅಂಥ ಕೆಲಸ ಒಂದಕ್ಕಾಗಿಯೇ ನಾವು ಗೈಡು ಹಿಡಿದಿರುವುದು. ಅದು ಸಿಕ್ಕರೂ ನಿಮ್ಮ ಹಾಗೆ ಹಳೆಯ ಪಿಂಚಣಿ ಇಲ್ಲ, 2006ರ ಏಪ್ರಿಲ್‌ನಿಂದ ಸೇರಿದವರಿಗೆಲ್ಲ ಎನ್‌ಪಿಎಸ್ ಎಂಬ ಹೊಸ ಪಿಂಚಣಿ. ಪಂಪನನ್ನು ಪರೀಕ್ಷೆಗೆ ನಾವೂ ಓದುತ್ತೇವೆ.

ಗಮಕದ ಮನೆ:
ಇಬ್ಬರೂ ಸ್ವಲ್ಪ ಸುಮ್ಮನಿರಿ. ಅರವತ್ತು ಜನರ ಕೋಣೆಗೆ ಮೈಕ್ ಏಕೆ? ನಾವು ಗಮಕ ನಡೆಸುತ್ತೇವೆ. ಒಬ್ಬರು ವಾಚನ, ಒಬ್ಬರು ವ್ಯಾಖ್ಯಾನ, ಒಂದು ಶ್ರುತಿಪೆಟ್ಟಿಗೆ. ಇಬ್ಬರಿಗೂ ತಲಾ 1,000. ಊಟ ನಮ್ಮ ಮನೆಯಲ್ಲಿ, ಅದರ ಲೆಕ್ಕ ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ. ಈಗ ಹೇಳುತ್ತೇನೆ: ಅತಿಥಿಗಳ ಜೊತೆ ಸಮಿತಿಯವರೆಲ್ಲ ಬಂದು ಕೂರುತ್ತಾರೆ, ಪಾಯಸ ಸೇರಿ 1,500ಕ್ಕೆ ಕಡಿಮೆ ಬೀಳುವುದಿಲ್ಲ.

ಜೈಮಿನಿ ಭಾರತದ ಚಂದ್ರಹಾಸನ ಕಥೆ ಹಿಡಿದಿದ್ದೆವು. ತಿಂಗಳಿಂದ ತಿಂಗಳಿಗೆ ಜನ ಹೆಚ್ಚಿದರು, ವಿಷದ ಪತ್ರದ ಪ್ರಸಂಗಕ್ಕೆ ಜಾಗ ಸಾಲದೆ ಬಾಗಿಲಲ್ಲಿ ನಿಂತರು. ಅಷ್ಟರಲ್ಲಿ ವ್ಯಾಖ್ಯಾನಕಾರರ ಆರೋಗ್ಯ ಕೆಟ್ಟಿತು. ಬದಲಿಗೆ ಬಂದವರು ಚಂದ್ರಹಾಸನನ್ನು ಬಿಟ್ಟು ತಮ್ಮ ವಿದೇಶ ಪ್ರವಾಸದ ವ್ಯಾಖ್ಯಾನ ಮಾಡಿದರು. ಆಗ ಸಮಿತಿಯ ಕೆಲವರು ಭಾವಗೀತೆಯ ವಾದ್ಯವೃಂದ ತರಿಸೋಣ ಎಂದು ಹಟ ಹಿಡಿದರು. ಕೀಬೋರ್ಡು, ರಿದಂ ಪ್ಯಾಡು, ಆಳೆತ್ತರದ ಸ್ಪೀಕರು, ಒಟ್ಟು 9,500. ಇನ್ನೂರು ಜನ ಬಂದರು, ಮೊಬೈಲಿನಲ್ಲಿ ಚಿತ್ರ ತೆಗೆದರು, ಹೋದರು. ಮುಂದಿನ ತಿಂಗಳು ಕೈಯಲ್ಲಿ ಹಣವೂ ಇಲ್ಲ, ಜನವೂ ಇಲ್ಲ. ಬೇಡ ಎಂದವಳು ನಾನೊಬ್ಬಳೇ.

ಕುರ್ಚಿ ಹೊರುವವನು:
ಅಮ್ಮಾ, ವಾದ್ಯವೃಂದವನ್ನು ಬೈಯುವುದು ಸುಲಭ. ಗಮಕಕ್ಕೆ ಬರುವವರೆಲ್ಲ ಅರವತ್ತು ದಾಟಿದವರು. ಜೈಮಿನಿಯ ಭಾಮಿನಿ ಷಟ್ಪದಿ ಕೇಳಲು ಹುಡುಗರು ಬರುತ್ತಾರೆಯೇ?

ಖರ್ಚು ಇರುವುದು ವೇದಿಕೆಯಲ್ಲಿ. ನಮ್ಮ ಲೆಕ್ಕ ಕೇಳಿ: ಹಾರ 250, ಶಾಲು 180, ಮೈಸೂರು ಪೇಟ 300, ಸ್ಮರಣಿಕೆ 350. ತಲೆಗೆ 1,080. ವೇದಿಕೆಯ ಮೇಲೆ ಒಂಬತ್ತು ಜನ, ಅಂದರೆ 9,720. ಆಹ್ವಾನ ಪತ್ರಿಕೆ 300 ಪ್ರತಿ, ಒಂದಕ್ಕೆ 6 ರೂಪಾಯಿ. ಜನಪ್ರತಿನಿಧಿಯೊಬ್ಬರ ಹೆಸರು ಎರಡು ಸಾಲು ಕೆಳಗೆ ಬಂತೆಂದು ಶಿಷ್ಟಾಚಾರದ ತಕರಾರು ಎದ್ದು ಪೂರ್ತಿ ಮರುಮುದ್ರಣ, ಮತ್ತೆ 1,800. ಅವರು ಕೊನೆಗೂ ಬರಲಿಲ್ಲ. ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ನಾಲ್ವರು ಮುಖ್ಯ ಅತಿಥಿಗಳು ಎಲ್ಲ ಮುಗಿದಾಗ ಉಪನ್ಯಾಸಕರಿಗೆ ಉಳಿದದ್ದು ಹನ್ನೆರಡು ನಿಮಿಷ. ಅದರಲ್ಲೂ ಅಧ್ಯಕ್ಷರು ಗಡಿಯಾರ ನೋಡಿದರು. ಬಾಡಿಗೆ ಕುರ್ಚಿಗೆ 8 ರೂಪಾಯಿ, ಮುರಿದದ್ದಕ್ಕೆ 450. ಮುರಿದವರು ಯಾರೆಂದು ಗೊತ್ತು, ಕಟ್ಟಿದವನು ನಾನು.

2023ರಲ್ಲಿ ಮುಖ್ಯಮಂತ್ರಿಗಳೇ ಹಾರ ಶಾಲು ಬೇಡ, ಪುಸ್ತಕ ಕೊಡಿ ಎಂದ ಮೇಲೆ ನಾವೂ ಪುಸ್ತಕಕ್ಕೆ ಬದಲಾದೆವು. ತಲೆಗೆ 200ರಲ್ಲಿ ಮುಗಿಯುತ್ತದೆ. ಅತಿಥಿಯೊಬ್ಬರು ಪುಸ್ತಕವನ್ನು ಕುರ್ಚಿಯ ಮೇಲೇ ಬಿಟ್ಟು, ಪೇಟ ಎಲ್ಲಿ ಎಂದು ಕೇಳಿ ಹೋದರು.

ಗಮಕದ ಮನೆ:
ಜೈಮಿನಿ ಭಾರತ ಇರುವುದು ವಾರ್ಧಕ ಷಟ್ಪದಿಯಲ್ಲಿ. ಭಾಮಿನಿ ಕುಮಾರವ್ಯಾಸನದು. ಹುಡುಗರು ಬರುವುದಿಲ್ಲ ಎಂದು ಕೇಳದೆಯೇ ತೀರ್ಪು ಕೊಡುವವರು ಇಷ್ಟಾದರೂ ತಿಳಿದಿರಲಿ.

ಹಳೇಪೇಟೆ ಮೇಷ್ಟ್ರು:
ಭಾಮಿನಿಯ ಮೊದಲ ಸಾಲು 14 ಮಾತ್ರೆ, ವಾರ್ಧಕದ್ದು 20. ಹೈಸ್ಕೂಲಿನಲ್ಲಿ ನಾವು ಗಣ ವಿಭಾಗ ಮಾಡಿಸುತ್ತಿದ್ದೆವು.

ಕುರ್ಚಿ ಹೊರುವವನು:
ಮಾತ್ರೆ ಎಣಿಸುವವರು ಕಾರ್ಯಕ್ರಮ ಮುಗಿದ ಮೇಲೆ ಕುರ್ಚಿಗಳನ್ನೂ ಎಣಿಸಿ ಕೊಟ್ಟರೆ ಉಪಕಾರವಾಗುತ್ತದೆ, ಮೇಷ್ಟ್ರೇ.

ಅರಿವು ಕೇಂದ್ರದ ಮೇಲ್ವಿಚಾರಕಿ:
ನಾನು ಗ್ರಾಮ ಪಂಚಾಯಿತಿ ಗ್ರಂಥಾಲಯದವಳು. 2019ರಲ್ಲಿ ನಮ್ಮನ್ನು ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಕೊಟ್ಟರು, ಈಗ ಫಲಕದ ಮೇಲೆ ‘ಅರಿವು ಕೇಂದ್ರ’ ಎಂದಿದೆ. ಇಷ್ಟು ಜನ ಬರೆದಿರಿ. ಕಾರ್ಯಕ್ರಮದ ನಂತರ ಗುಡಿಸುವವರು ಯಾರು ಎಂದು ಒಬ್ಬರೂ ಬರೆಯಲಿಲ್ಲ. ಕಾಗದದ ಲೋಟ, ಹೂವಿನ ಎಸಳು, ಕಪಾಟಿನ ಹಿಂದೆ ತುರುಕಿದ ಉಪ್ಪಿಟ್ಟಿನ ತಟ್ಟೆ, ಮರುದಿನ ಇರುವೆ. ವಂದನಾರ್ಪಣೆಯಲ್ಲಿ ಮೈಕಿನವನ ಹೆಸರು ಬರುತ್ತದೆ, ನನ್ನದು ಬರುವುದಿಲ್ಲ. ಪುಸ್ತಕ ಕಾಣೆಯಾಗುವುದೂ ಸಭೆಯ ದಿನವೇ, ದಾಸ್ತಾನು ಪರಿಶೀಲನೆಗೆ ಬಂದಾಗ ಉತ್ತರ ಕೊಡಬೇಕಾದವಳು ನಾನು. ನಿಘಂಟಿನ ಒಂದು ಸಂಪುಟಕ್ಕೆ ಕೈಯಿಂದ 600 ಕಟ್ಟಿದೆ. ಅದು ಯಾರ ಮನೆಯಲ್ಲಿದೆಯೆಂದು ಊರಿಗೆಲ್ಲ ಗೊತ್ತು.

ನನ್ನನ್ನು ಕೇಳಿದರೆ ಮಕ್ಕಳ ಕಾರ್ಯಕ್ರಮವೇ ಸರಿ. 2020ರಲ್ಲಿ ‘ಓದುವ ಬೆಳಕು’ ಎಂಬ ಸರ್ಕಾರಿ ಕಾರ್ಯಕ್ರಮ ಬಂದಾಗ ಶಾಲೆ ಮುಚ್ಚಿತ್ತು, ಮಕ್ಕಳನ್ನು ಗುಂಪು ಮಾಡಿ ಗಟ್ಟಿಯಾಗಿ ಕಥೆ ಓದಿಸಿದೆ. ಅತಿಥಿ ಬೇಡ, ಹಾರ ಬೇಡ. ಬಿಸ್ಕತ್ತಿಗೆ 120 ರೂಪಾಯಿ. ಇನ್ನೊಂದು ಮಾತು: ಗ್ರಂಥಾಲಯಕ್ಕೆ ಸೋಮವಾರ ರಜೆ. ಭಾನುವಾರವೆಲ್ಲ ಕೆಲಸ ಮಾಡಿರುತ್ತೇವೆ. ಆ ಒಂದು ದಿನ ಬೀಗದ ಕೈ ಕೇಳಿಕೊಂಡು ಮನೆಗೆ ಬರಬೇಡಿ.

ಕುರ್ಚಿ ಹೊರುವವನು:
ಪಟ್ಟಣದಲ್ಲಿ ಆಸ್ತಿ ತೆರಿಗೆಯ ಮೇಲೆ ಶೇಕಡಾ 6 ಗ್ರಂಥಾಲಯ ಕರ ಕಟ್ಟುತ್ತೇವೆ, 1965ರ ಕಾಯ್ದೆಯ ಪ್ರಕಾರ. ಗುಡಿಸುವವರಿಗೆ ಅದರಲ್ಲಿ ಹಣವಿಲ್ಲವೇ?

ಹಳೇಪೇಟೆ ಮೇಷ್ಟ್ರು:
ಕಟ್ಟುತ್ತೀರಿ, ನಿಜ. ವಸೂಲಿ ಮಾಡಿದವರು ಅದನ್ನು ಗ್ರಂಥಾಲಯಕ್ಕೆ ದಾಟಿಸಬೇಕಲ್ಲ! ನಮ್ಮೂರಿನ ಬಾಕಿ ಎಷ್ಟೆಂದು ಮಾಹಿತಿ ಹಕ್ಕಿನಲ್ಲಿ ಕೇಳಿದ್ದೆ. ಕಡತ ಹುಡುಕಲಾಗುತ್ತಿದೆ ಎಂದು ಉತ್ತರ ಬಂತು. ಮೇಲ್ಮನವಿ ಹಾಕಿದ್ದೇನೆ. ನಿಮ್ಮಂಥ ಯುವಕರು ಜೊತೆಗೆ ಬಂದಿದ್ದರೆ ಇಷ್ಟು ಹೊತ್ತಿಗೆ ಕಡತ ಸಿಕ್ಕಿರುತ್ತಿತ್ತು.

ಕುರ್ಚಿ ಹೊರುವವನು:
ಯುವಕರು ಗೈಡು ಉರುಹೊಡೆಯುತ್ತಿದ್ದಾರೆ ಎಂದು ನೀವೇ ಬರೆದಿದ್ದೀರಿ.

ಪಿಡಿಒ ಆಕಾಂಕ್ಷಿ:
ನನ್ನ ಹೆಸರು ಹಿಡಿದು ನಿಮ್ಮ ಜಗಳ ಬೇಡ. ಎಲ್ಲರಿಗೂ ಒಪ್ಪಿಗೆಯಾಗುವ ದಾರಿ ಇದೆ. ಕಾರ್ಯಕ್ರಮವನ್ನು ಸೋಮವಾರ ಇಟ್ಟುಕೊಳ್ಳಿ, ಅಂದು ನಾವು ಯಾರೂ ಓದಲು ಬರುವುದಿಲ್ಲ.

ಅರಿವು ಕೇಂದ್ರದ ಮೇಲ್ವಿಚಾರಕಿ:
ಮೇಲೆ ನಾನು ಬರೆದದ್ದನ್ನು ಓದಿದಿರಾ?