ಹಳೆ ಕ್ಷೌರದ ಕತ್ತಿಗೆ ಸಾಣೆ: 3000 ರೂಪಾಯಿ ಒಳಗೆ ಯಾವ ಕಲ್ಲು ತಗೊಳ್ಳಲಿ?

ಗುಬ್ಬಿಗೇಟ್_ಸೆಲೂನ್:
ತುಮಕೂರಿನಲ್ಲಿ ನಮ್ಮದು ಸಣ್ಣ ಸೆಲೂನ್. ಗಿರಾಕಿಗಳಿಗೆ ಅರ್ಧ ಬ್ಲೇಡ್ ಹಾಕುವ ರೇಜರ್ ಮಾತ್ರ ಬಳಸುತ್ತೇನೆ, ಒಬ್ಬರಿಗೆ ಹಾಕಿದ ಬ್ಲೇಡ್ ಇನ್ನೊಬ್ಬರಿಗಿಲ್ಲ. ಆದರೆ ಅಪ್ಪನ ಕಾಲದ ಮಡಚುವ ಕತ್ತಿ ಒಂದಿದೆ, ಬುಡದಲ್ಲಿ ಸೋಲಿಂಗೆನ್ (ಕತ್ತಿಗಳಿಗೆ ಹೆಸರಾದ ಜರ್ಮನಿಯ ಊರು) ಅಂತ ಅಚ್ಚು. ಅದರಲ್ಲಿ ನನ್ನ ಗಡ್ಡ ತೆಗೆಯಬೇಕು ಅಂತ ಆಸೆ. ಬಾಯಿ ಪೂರ್ತಿ ಮೊಂಡು, ಮಧ್ಯೆ ಚೂರು ಹಾರಿದೆ, ಬೆನ್ನಿನ ಹತ್ತಿರ ಸ್ವಲ್ಪ ತುಕ್ಕು. ಹಾರ್ಡ್‌ವೇರ್ ಅಂಗಡಿಯವರು ಎರಡು ಬಣ್ಣದ ಕಾರ್ಬೊರಂಡಮ್ ಕಲ್ಲು ತೋರಿಸುತ್ತಾರೆ. ವಿಡಿಯೋಗಳಲ್ಲಿ ನೋಡಿದರೆ 12000 ಗ್ರಿಟ್ ಕಲ್ಲೇ ಬೇಕು ಅನ್ನುತ್ತಾರೆ (ಗ್ರಿಟ್ ಅಂಕಿ ಹೆಚ್ಚಿದಷ್ಟು ಕಲ್ಲು ನಯ). 3000 ರೂಪಾಯಿ ಮೀರುವ ಹಾಗಿಲ್ಲ. ಏನು ತಗೊಳ್ಳಲಿ?

ಕ್ಯಾತ್ಸಂದ್ರ_77:
ಅಷ್ಟೊಂದು ಯಾಕೆ? ಸೈಕಲ್ ಮೇಲೆ ಸಾಣೆ ಚಕ್ರ ಇಟ್ಟುಕೊಂಡು ಬರುತ್ತಾರಲ್ವಾ, ಅವರಿಗೆ ಕೊಡಿ. ಐದು ನಿಮಿಷದ ಕೆಲಸ.

ಮಾಲೂರು_ಕಲ್ಲುಕೆಲಸ:
ದಯವಿಟ್ಟು ಚಕ್ರಕ್ಕೆ ಕೊಡಬೇಡಿ. ಮಚ್ಚು, ಕುಡುಗೋಲಿಗೆ ಅದು ಸರಿ. ಕ್ಷೌರದ ಕತ್ತಿಯ ಬಾಯಿ ತೀರಾ ತೆಳು, ಚಕ್ರಕ್ಕೆ ತಾಗಿದ ಕೂಡಲೇ ಕಾಯುತ್ತದೆ. ಉಕ್ಕು ನೀಲಿಗೆ ತಿರುಗಿತು ಅಂದರೆ ಸುಮಾರು 300 ಡಿಗ್ರಿ ಮುಟ್ಟಿದೆ, ಹದ ಹೋಯಿತು ಅಂತಲೇ ಲೆಕ್ಕ. ಆಮೇಲೆ ಎಂಥ ಕಲ್ಲಿನಲ್ಲಿ ಮಸೆದರೂ ಹರಿತ ನಿಲ್ಲುವುದಿಲ್ಲ. ಕಾರ್ಬೊರಂಡಮ್ ಕೂಡ ಬೇಡ, ಈ ಕೆಲಸಕ್ಕೆ ಅದು ಬಹಳ ಒರಟು.

ಇರುವ ದುಡ್ಡನ್ನು ಒಂದು ಒಳ್ಳೆಯ 1000 ಗ್ರಿಟ್ ನೀರಿನ ಕಲ್ಲಿಗೆ ಹಾಕಿ. ಜಪಾನಿನ ಕಿಂಗ್ ಕಂಪನಿಯದು ಸಾಕು. ನೀರಿನಲ್ಲಿ ಮುಳುಗಿಸಿ, ಗುಳ್ಳೆ ಬರುವುದು ನಿಂತ ಮೇಲೆ ತೆಗೆಯಿರಿ. ಮೊಂಡು ಕತ್ತಿಯಲ್ಲಿ ಮುಕ್ಕಾಲು ಕೆಲಸ ಈ ಕಲ್ಲಿನದೇ. ಎರಡೂ ಪಕ್ಕದ ಇಳಿಜಾರು ಒಂದೇ ಗೆರೆಯಲ್ಲಿ ಸೇರಬೇಕು. ಅದು ಸೇರದೆ 12000 ಹಿಡಿದರೆ ಮೊಂಡು ಬಾಯಿಗೇ ಹೊಳಪು ಬರುತ್ತದೆ, ಅಷ್ಟೇ.

ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗಿರಲಿ. ಕೋನವನ್ನು ನೀವು ಹಿಡಿಯಬೇಕಿಲ್ಲ, ಬೆನ್ನಿನ ದಪ್ಪವೇ ಅದನ್ನು ಕೊಡುತ್ತದೆ. ಚೂರು ಹಾರಿದ್ದು ಹೋಗುವವರೆಗೆ ಜಾಸ್ತಿ ಮಸೆಯಬೇಕು, ಹಾಗಾಗಿ ಬೆನ್ನು ಸವೆಯದಂತೆ ಒಂದು ಪದರ ಇನ್ಸುಲೇಶನ್ ಟೇಪ್ ಅಂಟಿಸಿ. ಬಾಯಿಗೆ ಮಾರ್ಕರ್ ಶಾಯಿ ಹಚ್ಚಿ ನಾಲ್ಕೈದು ಸಲ ಎಳೆಯಿರಿ. ಶಾಯಿ ಉಳಿದ ಕಡೆ ಕಲ್ಲು ತಾಗುತ್ತಿಲ್ಲ. ಆಮೇಲೆ ದೀಪದ ಕೆಳಗೆ ಬಾಯಿ ಮೇಲೆ ಮಾಡಿ ಹಿಡಿದು ನಿಧಾನಕ್ಕೆ ಓರೆ ಮಾಡಿ. ಎಲ್ಲಾದರೂ ಬಿಳಿ ಚುಕ್ಕೆ ಮಿಂಚಿದರೆ ಅಲ್ಲಿ ಇನ್ನೂ ಮೊಂಡು. ಸರಿಯಾಗಿ ಸೇರಿದ ಅಂಚು ಬೆಳಕನ್ನು ಹಿಂದಕ್ಕೆ ಕೊಡುವುದೇ ಇಲ್ಲ. ಅಲ್ಲಿಗೆ ಬರುವ ತನಕ ಮುಂದಿನ ಹಂತಕ್ಕೆ ಹೋಗಬೇಡಿ.

ನಮ್ಮ ಪಕ್ಕದ ಶಿವಾರಪಟ್ಟಣ ಶಿಲ್ಪಿಗಳ ಊರು, ನಾನೂ ಕಲ್ಲಿನ ಕೆಲಸದವನೇ. ಆದರೂ ಹೇಳುತ್ತೇನೆ, ನಿಮ್ಮ ಬಜೆಟ್ಟಿಗೆ ಕೊನೆಯ ಹಂತಗಳಲ್ಲಿ ಕಲ್ಲು ಬೇಡ, ಲ್ಯಾಪಿಂಗ್ ಫಿಲ್ಮ್ ತಗೊಳ್ಳಿ, ಅಂದರೆ ಮಸೆಯುವ ನಯವಾದ ಪುಡಿ ಲೇಪಿಸಿದ ಪ್ಲಾಸ್ಟಿಕ್ ಹಾಳೆ. 9, 5, 3, 1 ಮೈಕ್ರಾನ್ ಹಾಳೆಗಳು ಬಿಡಿಯಾಗಿ ಸಿಗುತ್ತವೆ, ಇಲ್ಲಿ ಅಂಕಿ ಇಳಿದಷ್ಟು ನಯ. ಕೆಳಗಿಡಲು ಗ್ರಾನೈಟ್ ಅಂಗಡಿಯಲ್ಲಿ ಪಾಲಿಶ್ ಆದ ತುಂಡು ಕೇಳಿ. ಮೇಲೆ ಸ್ಟೀಲ್ ಸ್ಕೇಲ್ ನಿಲ್ಲಿಸಿ ನೋಡಿ, ಅಡಿಯಲ್ಲಿ ಬೆಳಕು ನುಸುಳಬಾರದು. ನೀರು ಚಿಮುಕಿಸಿ ಫಿಲ್ಮ್ ಹಾಸಿ, ಗುಳ್ಳೆಗಳನ್ನು ಹೊರಗೆ ತಳ್ಳಿ. ಗುಳ್ಳೆ ಉಳಿದರೆ ಕತ್ತಿ ಅಲ್ಲೇ ಫಿಲ್ಮ್ ಹರಿಯುತ್ತದೆ. ಕೈ ಭಾರ ಬಿಡಬೇಡಿ. ಅದೇ ಗ್ರಾನೈಟ್ ಮೇಲೆ ವಾಟರ್ ಪೇಪರ್ ಇಟ್ಟು ನಿಮ್ಮ 1000 ಕಲ್ಲನ್ನೂ ಮಟ್ಟ ಮಾಡಬಹುದು. ಕಲ್ಲಿನ ಮೇಲೆ ಪೆನ್ಸಿಲ್ ಗೆರೆ ಎಳೆದುಕೊಳ್ಳಿ. ಎಲ್ಲಾ ಗೆರೆ ಅಳಿಸಿದಾಗ ಮಟ್ಟವಾಯಿತು.

ಶಿಡ್ಲಘಟ್ಟ_ರೇಷ್ಮೆ:
ಫಿಲ್ಮ್ ಬೇಗ ಸವೆಯುತ್ತದೆ ಅಲ್ವಾ? ನಾರ್ಟನ್ ಕಂಪನಿಯ 4000/8000 ಗ್ರಿಟ್‌ನ ಎರಡು ಪಕ್ಕದ ಕಲ್ಲು ತಗೊಂಡರೆ ವರ್ಷಗಟ್ಟಲೆ ಬರುತ್ತದೆ.

ಮಾಲೂರು_ಕಲ್ಲುಕೆಲಸ:
ಬರುತ್ತದೆ, ಒಳ್ಳೆಯ ಕಲ್ಲೇ. ಹತ್ತಾರು ಕತ್ತಿ ಮಸೆಯುವವರಿಗೆ ಅದೇ ಲಾಭ. ಇವರದು ಒಂದೇ ಕತ್ತಿ, ಅದಕ್ಕೆ ಫಿಲ್ಮ್ ಸಾಕು.

ಗುಬ್ಬಿಗೇಟ್_ಸೆಲೂನ್:
ತುಂಬಾ ಉಪಕಾರ. ತುಕ್ಕಿಗೆ ಏನು ಮಾಡಲಿ? ಮಸೆದಾದ ಮೇಲೆ ಕೊನೆಗೆ ಕತ್ತಿ ಎಳೆಯುವ ಚರ್ಮದ ಪಟ್ಟಿಗೆ ಹಳೆ ಬೆಲ್ಟ್ ಆಗುತ್ತದಾ?

ಮಾಲೂರು_ಕಲ್ಲುಕೆಲಸ:
ಬೆನ್ನಿನ ಹತ್ತಿರದ ತುಕ್ಕಿಗೆ ಎಣ್ಣೆ ಹಾಕಿ ನಯವಾದ ವಾಟರ್ ಪೇಪರ್‌ನಲ್ಲಿ ಉಜ್ಜಿ. ಸುಮ್ನೆ ಕನ್ನಡಿ ಹೊಳಪು ತರಲು ಹೋಗಬೇಡಿ, ಅಚ್ಚು ಅಳಿಸಿಹೋಗುತ್ತದೆ. ತುಕ್ಕಿನ ಗುಳಿ ಬಾಯಿಯವರೆಗೆ ಇಳಿದಿದ್ದರೆ ಮಾತ್ರ ಚಿಂತೆ, ಅಲ್ಲಿ ಅಂಚು ಮತ್ತೆ ಮತ್ತೆ ಉದುರುತ್ತದೆ. ಅಪ್ಪಟ ಚರ್ಮದ ಬೆಲ್ಟ್ ಆದರೆ ಆಗುತ್ತದೆ, ರೆಕ್ಸಿನ್ ಬೇಡ. ಹೊಲಿಗೆ ಇಲ್ಲದ್ದು ನೋಡಿ. ಪಟ್ಟಿಯ ಮೇಲೆ ಬೆನ್ನು ಮುಂದೆ, ಬಾಯಿ ಹಿಂದೆ. ತಿರುಗಿಸುವಾಗ ಬೆನ್ನಿನ ಮೇಲೇ ಹೊರಳಿಸಿ, ಇಲ್ಲದಿದ್ದರೆ ಪಟ್ಟಿ ಕೊಯ್ದುಹೋಗುತ್ತದೆ.